ದೈವಭಕ್ತಿಯೂ ವನರಕ್ಷಣೆಯ ವೃತ್ತಿಯೂ

ಅರಣ್ಯಶಾಸ್ತ್ರವನ್ನು ಓದಬಯಸುವ ವಿದ್ಯಾರ್ಥಿಯೊಬ್ಬ ಮೊನ್ನೆ ನನ್ನನ್ನು ಕೇಳಿದ: “ಕಾಡನ್ನು ದೇವರ ಸೃಷ್ಟಿಯೆಂದು ಪೂಜ್ಯಭಾವದಿಂದ ಕಾಣುವವನಿಗೆ ಈ ವಿದ್ಯೆಯಲ್ಲಿ ಎಡೆಯುಂಟೆ? ಪ್ರಯೋಗಶಾಲೆಯ ಬಾಗಿಲಲ್ಲಿ ಭಕ್ತಿಯನ್ನು ಕಳಚಿಟ್ಟು ಒಳಹೋಗಬೇಕೆ?” ಉತ್ತರಕ್ಕಾಗಿ ನಾನು ದೂರದ ಇಥಿಯೋಪಿಯದ ಕಡೆಗೆ ಬೆರಳು ತೋರಿಸಿದೆ.

ಆ ದೇಶದ ಉತ್ತರದ ಎತ್ತರದ ನಾಡಿನಲ್ಲಿ ಹೊಲಗಳೂ ಗೋಮಾಳಗಳೂ ಹಬ್ಬಿ, ಸಹಜಾರಣ್ಯವು ಬಹುಮಟ್ಟಿಗೆ ಅಳಿದುಹೋಗಿದೆ. ಉಳಿದಿರುವ ಹಸಿರಿನ ತುಣುಕುಗಳಲ್ಲಿ ಅನೇಕವು ಆರ್ಥೊಡಾಕ್ಸ್ ಚರ್ಚುಗಳನ್ನು ಸುತ್ತುವರಿದು ನಿಂತಿವೆ. ಮರಗಳೇ ದೇಗುಲದ ಉಡುಗೆ ಎಂಬುದು ಅಲ್ಲಿಯ ಭಕ್ತರ ಭಾವನೆ. ಅಲೆಮಾಯೆಹು ವಾಸಿ ಎಂಬ ಇಥಿಯೋಪಿಯದ ವಿಜ್ಞಾನಿ ಈ ವನಗಳನ್ನೇ ತಮ್ಮ ವೃತ್ತಿಯ ಕ್ಷೇತ್ರವಾಗಿ ಆರಿಸಿಕೊಂಡರು. 2007ರಲ್ಲಿ ನೆದರ್ಲೆಂಡಿನ ವಾಗೆನಿಂಗನ್ ವಿಶ್ವವಿದ್ಯಾನಿಲಯದಲ್ಲಿ ಪೂರೈಸಿದ ಸಂಶೋಧನೆಗಾಗಿ 28 ಚರ್ಚುಗಳ ವನಗಳನ್ನು ಪರಿಶೀಲಿಸಿ, 168 ಜಾತಿಯ ಮರ, ಪೊದೆ, ಬಳ್ಳಿಗಳನ್ನು ಗುರುತಿಸಿದರು.

ಅವರು ಕಂಡ ಇನ್ನೊಂದು ಸತ್ಯ ಹೆಚ್ಚು ಮಾರ್ಮಿಕವಾದುದು. ಹಿರಿಯ ಮರಗಳಿಗೆ ಕೊಡಲಿಯ ಭಯವಿರಲಿಲ್ಲ. ಆದರೆ ದನಗಳು ಒಳಹೊಕ್ಕು ಮೇಯುವೆಡೆಗಳಲ್ಲಿ ಎಳೆಯ ಸಸಿಗಳು ಉಳಿಯುತ್ತಿರಲಿಲ್ಲ. ಭಕ್ತಿ ಮರವನ್ನು ಕಾಯಿತು, ಮರದ ಸಂತಾನವನ್ನು ಕಾಯಲಿಲ್ಲ. ಆ ಕೊರತೆಯನ್ನು ಕಂಡುಹಿಡಿಯಲು ಎಣಿಸುವ ಕಣ್ಣೇ ಬೇಕಾಯಿತು. ಮುಂದೆ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಅವರ ನೆರವೂ ದೊರೆತು, ಅರ್ಚಕರೂ ಗ್ರಾಮಸ್ಥರೂ ಕೂಡಿ ವನಗಳ ಸುತ್ತ ಕಲ್ಲುಗೋಡೆ ಕಟ್ಟತೊಡಗಿದರು. ಕಲ್ಲು ಬಂದುದು ರೈತರ ಹೊಲಗಳಿಂದ. ಹೊಲ ಹಸನಾಯಿತು, ಸಸಿಗೆ ಕಾವಲೂ ದೊರೆಯಿತು.

ನಮ್ಮ ಕೊಡಗಿನ ದೇವರಕಾಡುಗಳನ್ನು ಇಲ್ಲಿ ನೆನೆಯದಿರಲಾರೆ. ಅವು ಸಂಖ್ಯೆಯಲ್ಲಿ 1200ಕ್ಕೂ ಮಿಗಿಲು. ಅಯ್ಯಪ್ಪ, ಭಗವತಿ ಮೊದಲಾದ ದೈವಗಳ ಹೆಸರಿನಲ್ಲಿ ಉಳಿದುಬಂದ ಈ ಕಾಡುಗಳ ಒಟ್ಟು ವಿಸ್ತೀರ್ಣ ಇಪ್ಪತ್ತನೆಯ ಶತಮಾನದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಕುಗ್ಗಿತು. ದೈವ ಉಳಿದರೂ ಕಾಡು ಕರಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಗುಡಿಗೆ ಹೊಸ ಕಟ್ಟಡ ಕಟ್ಟಿಸುವುದನ್ನೇ ಸೇವೆಯೆಂದು ತಿಳಿದರೆ, ಕಾಡನ್ನು ಹಾಗೆಯೇ ಬಿಡುವುದೂ ಸೇವೆಯೆಂಬುದು ಮರೆತುಹೋಗುತ್ತದೆ. ಅದೇ ಜಿಲ್ಲೆಯ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿರುವುದು ನಮ್ಮ ತರುಣರ ಭಾಗ್ಯ.

ಆದುದರಿಂದ ನನ್ನ ವಿದ್ಯಾರ್ಥಿಗೆ ಹೇಳಿದೆ: ಭಕ್ತಿಯನ್ನು ಕಳಚಿಡಬೇಕಾಗಿಲ್ಲ, ಆದರೆ ಅದನ್ನು ಪ್ರಮಾಣಪತ್ರದಂತೆ ಹಿಡಿದು ಹೋಗಲೂ ಆಗದು. ಗಿಡಗಳ ಹೆಸರು ಕಲಿಯಬೇಕು, ಮಣ್ಣನ್ನು ಅರಿಯಬೇಕು, ಅರ್ಚಕನೊಡನೆಯೂ ದನಗಾಹಿಯೊಡನೆಯೂ ಸಮಾನ ಗೌರವದಿಂದ ಮಾತನಾಡಬೇಕು. ಸಂಬಳ ದೊಡ್ಡದಿರಲಾರದು, ಫಲ ಕಾಣಲು ಒಂದು ಆಯುಷ್ಯ ಸಾಲದಿರಬಹುದು. ತಾನು ನೆರಳು ಕಾಣದ ಮರದ ಸಸಿಗೆ ಗೋಡೆ ಕಟ್ಟುವ ತಾಳ್ಮೆಯನ್ನು ಮಾತ್ರ ಯಾವ ಪಠ್ಯವೂ ಕಲಿಸದು. ಶ್ರದ್ಧೆಗೆ ಕೆಲಸವಿರುವುದು ಅಲ್ಲಿ.