ಜ್ಞಾನ ಸಂಗಮದ ಬೇಲಿಯೊಳಗೆ ಹದಿಮೂರು ಗುಂಟೆ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಚ್ಛೆ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯಿದೆ. 1998ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯದ ಆವರಣಕ್ಕೆ 'ಜ್ಞಾನ ಸಂಗಮ' ಎಂಬ ಚೆಂದದ ಹೆಸರಿದೆ. ಎಕರೆಗಟ್ಟಲೆ ಹರಡಿರುವ ಈ ಸಾರ್ವಜನಿಕ ಆವರಣದಲ್ಲಿ ಒಂದು ಮೂಲೆಯನ್ನು ಬಿಡಿಸಿಕೊಟ್ಟು ಅಲ್ಲೊಂದು ಸ್ಕೇಟ್‌ಪಾರ್ಕ್ ಕಟ್ಟಬೇಕು, ಅದನ್ನು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಬೆಳಗಾವಿಯ ಮತ್ತು ಖಾನಾಪುರದ ಎಲ್ಲ ಮಕ್ಕಳಿಗೂ ಉಚಿತವಾಗಿ ತೆರೆದಿಡಬೇಕು ಎಂಬುದು ನಮ್ಮ ವಾದ. ಇದನ್ನು ಕೇಳಿ ನಗುವವರು ಬಹಳ ಮಂದಿ ಇದ್ದಾರೆಂದು ಬಲ್ಲೆವು. ಅವರ ನಗುವಿಗೇ ಇಲ್ಲಿ ಉತ್ತರ ಹೇಳಲು ಹೊರಟಿದ್ದೇವೆ.

ಮೊದಲು ಸ್ಕೇಟ್‌ಪಾರ್ಕ್ ಎಂದರೇನು ಎಂಬುದು ಸ್ಪಷ್ಟವಾಗಲಿ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಸ್ಕೇಟಿಂಗ್ ರಿಂಕ್. ಅದು ಸಮತಟ್ಟಾದ ಅಂಗಳ. ಕಾಲಿಗೆ ಗಾಲಿಯ ಬೂಟು ಕಟ್ಟಿಕೊಂಡು ಸುತ್ತು ಹಾಕುವುದು ಅಲ್ಲಿನ ಆಟ. ಸ್ಕೇಟ್‌ಪಾರ್ಕಿನಲ್ಲಿ ನೆಲವೇ ಏರಿಳಿಯುತ್ತದೆ. ಇಳಿಜಾರು, ದಿಣ್ಣೆ, ಮೆಟ್ಟಿಲು, ಬೋಗುಣಿಯಂತೆ ಬಾಗಿದ ಗುಂಡಿ, ಎಲ್ಲವೂ ನುಣುಪಾದ ಕಾಂಕ್ರೀಟಿನವು. ನಾಲ್ಕು ಗಾಲಿಯ ಹಲಗೆಯ ಮೇಲೆ ನಿಂತವರು, ಗಾಲಿಯ ಬೂಟು ತೊಟ್ಟವರು, ಪುಟ್ಟ ಸೈಕಲ್ ಓಡಿಸುವವರು ಎಲ್ಲರೂ ಒಂದೇ ಅಂಗಳದಲ್ಲಿ ಸರದಿಯಂತೆ ಆಡಬಹುದು. ಈ ಬೋಗುಣಿಯ ಕತೆಯೂ ಸ್ವಾರಸ್ಯದ್ದೇ. 1970ರ ದಶಕದ ನಡುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರಗಾಲ ಬಿದ್ದು ಸಿರಿವಂತರ ಮನೆಯ ಈಜುಕೊಳಗಳು ಬರಿದಾದವು. ಬಡಾವಣೆಯ ಹುಡುಗರು ಆ ಖಾಲಿ ಕೊಳಗಳಿಗೆ ಹಲಗೆ ಹಿಡಿದು ಇಳಿದರು. ಉಳ್ಳವರಿಗೆ ಕೆಲಸಕ್ಕೆ ಬಾರದೆ ಬಿದ್ದ ಜಾಗ ಇಲ್ಲದವರಿಗೆ ಆಟದ ಬಯಲಾಯಿತು.

ಬೆಳಗಾವಿಗೆ ಗಾಲಿ ಹೊಸತಲ್ಲ. ಇಲ್ಲಿನ ಶಿವಗಂಗಾ ರೋಲರ್ ಸ್ಕೇಟಿಂಗ್ ಕ್ಲಬ್ಬಿನ ಹೆಸರನ್ನು ನಾಡು ಬಲ್ಲದು. ದಾಖಲೆಗಾಗಿ ಗಂಟೆಗಟ್ಟಲೆ ಸ್ಕೇಟಿಂಗ್ ಮಾಡಿದ ಮಕ್ಕಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ರೋಲರ್ ಸ್ಕೇಟಿಂಗ್ ರಿಲೇಯಲ್ಲಿ ಭಾರತದ ಪುರುಷರೂ ಮಹಿಳೆಯರೂ ಕಂಚಿನ ಪದಕ ತಂದರು. 2025ರಲ್ಲಿ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ ಚೀನಾದಲ್ಲಿ ವಿಶ್ವ ಚಾಂಪಿಯನ್ ಆದರು. ಹೀಗಿರುವಾಗ ಇದು ನಮ್ಮ ನೆಲದ ಆಟವಲ್ಲ ಎನ್ನುವ ಮಾತಿಗೆ ಬೆಲೆಯಿಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ರಿಂಕಿನ ಬಾಗಿಲು ಯಾರಿಗೆ ತೆರೆದಿದೆ? ತಿಂಗಳ ಶುಲ್ಕ, ಬೂಟಿನ ಖರ್ಚು, ಕರೆದೊಯ್ಯಲು ಬಿಡುವಿರುವ ತಂದೆತಾಯಿ, ಇವೆಲ್ಲ ಇದ್ದವರಿಗೆ. ವಡಗಾವಿಯ ನೇಕಾರನ ಮಗನಿಗೆ, ಆಜಾದ್ ನಗರದ ಗ್ಯಾರೇಜು ಕೆಲಸಗಾರನ ಮಗಳಿಗೆ, ಜಾಂಬೋಟಿ ಕಡೆಯ ಕೂಲಿಕಾರನ ಮಕ್ಕಳಿಗೆ ಆ ಬಾಗಿಲು ಇದ್ದೂ ಇಲ್ಲದಂತೆ. ಇದು ರಿಂಕ್ ನಡೆಸುವವರ ತಪ್ಪಲ್ಲ. ಅವರು ತಮ್ಮ ಶಕ್ತಿಮೀರಿ ದುಡಿದಿದ್ದಾರೆ. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆಗಳು ಮಾಡಬೇಕಾದ್ದನ್ನು ಮಾಡದಿರುವುದೇ ತಪ್ಪು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂಬ ಗಾದೆ ಈಗ ಬಂದೇ ಬರುತ್ತದೆ. ಹಾಸ್ಟೆಲು ಸಾಲದು, ಅಧ್ಯಾಪಕರ ಹುದ್ದೆಗಳು ಖಾಲಿ, ಪ್ರಯೋಗಾಲಯಕ್ಕೆ ಹಣವಿಲ್ಲ, ಇದರ ನಡುವೆ ಸ್ಕೇಟ್‌ಪಾರ್ಕೇ ಎಂದು ಕೇಳುವವರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇವೆ. ಆದರೆ ಇದೇ ಕಾಳಜಿ ಬೇರೆ ಕಟ್ಟಡಗಳ ಮುಂದೆ ಯಾಕೆ ಮೂಕವಾಗುತ್ತದೆ? 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧಕ್ಕೆ ನೂರಾರು ಕೋಟಿ ಖರ್ಚಾಯಿತು. ಅಲ್ಲಿ ಅಧಿವೇಶನ ನಡೆಯುವುದು ವರ್ಷಕ್ಕೆ ಹತ್ತು ಹದಿನೈದು ದಿನ. ಅದನ್ನು ಸಹಿಸಿಕೊಂಡ ಊರಿಗೆ ಎರಡು ಟೆನಿಸ್ ಅಂಕಣಗಳಷ್ಟು ಜಾಗ ದುಬಾರಿಯಾಗಬೇಕೇ? ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು 13 ಗುಂಟೆ. ಒಂದು ಎಕರೆಯ ಮೂರನೇ ಒಂದು ಭಾಗ. ಇನ್ನು ಮಲ್ಲಿಗೆಯ ಮಾತು. ದೊಡ್ಡವರಿಗೆ ಆಟ ಮಲ್ಲಿಗೆ ಇರಬಹುದು, ಮಗುವಿಗೆ ಅದೇ ಹಿಟ್ಟು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕು ಎಂದೇ ಕರೆದಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಒಪ್ಪಿಕೊಂಡ ಮಾತನ್ನು ಯಾವ ಮೈದಾನದಲ್ಲಿ ಉಳಿಸಿಕೊಂಡಿದ್ದೇವೆ?

ಇರಲಿ, ಆಟದ ಮೈದಾನ ಮಾಡುವುದು ನಗರಪಾಲಿಕೆಯ ಕೆಲಸ, ವಿಶ್ವವಿದ್ಯಾಲಯಕ್ಕೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ, ಅದೂ ಈ ವಿಶ್ವವಿದ್ಯಾಲಯಕ್ಕೆ ವಿಶೇಷವಾಗಿ ಇದೆ. ಸ್ಕೇಟ್‌ಪಾರ್ಕ್ ಎಂಬುದು ಸಿವಿಲ್ ಎಂಜಿನಿಯರಿಂಗಿನ ಒಂದು ಪಾಠ. ನೆಲಕ್ಕೂ ಗೋಡೆಗೂ ನಡುವೆ ಮೂಲೆಯಿರಬಾರದು, ವೃತ್ತದ ತುಂಡಿನಂತೆ ಬಾಗಬೇಕು. ಆ ವೃತ್ತದ ತ್ರಿಜ್ಯ ಕಿರಿದಾದರೆ ಕಲಿಯುವವರು ಬೀಳುತ್ತಾರೆ, ಹಿರಿದಾದರೆ ವೇಗ ಸಿಗುವುದಿಲ್ಲ. ಬಾಗಿಗೆ ತಕ್ಕಂತೆ ಹಲಗೆಯ ಅಚ್ಚು ಕತ್ತರಿಸಬೇಕು, ಕಬ್ಬಿಣದ ಸರಳು ಹೆಣೆಯಬೇಕು, ಸುರಂಗದ ಗೋಡೆಗೆ ಮಾಡುವಂತೆ ಕಾಂಕ್ರೀಟನ್ನು ಒತ್ತಡದಿಂದ ಸಿಂಪಡಿಸಬೇಕು, ಅದು ಗಟ್ಟಿಯಾಗುವ ಮುನ್ನ ಗೌಂಡಿಗಳು ಕರಣೆಯಿಂದ ಕನ್ನಡಿಯಂತೆ ನಯ ಮಾಡಬೇಕು. ಹಲಗೆಯ ಗಾಲಿ ಎರಡು ಇಂಚಿನದು. ಬೆರಳ ತುದಿಯಷ್ಟು ಕಲ್ಲು ಎದ್ದಿದ್ದರೂ ಅದು ಮುಗ್ಗರಿಸುತ್ತದೆ. ಇಷ್ಟು ನಿಖರವಾದ ಕೆಲಸವನ್ನು ಕೈಯಾರೆ ಮಾಡಿ ಕಲಿಯುವ ಅವಕಾಶ ನಮ್ಮ ಎಷ್ಟು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಿಗುತ್ತದೆ? 2013ರಲ್ಲಿ ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ಯುವಕರ ಕೂಟ ದೇಶವಿದೇಶದ ಗೆಳೆಯರನ್ನು ಸೇರಿಸಿಕೊಂಡು ತಾವೇ ಕಾಂಕ್ರೀಟು ಕಲಸಿ ಸ್ಕೇಟ್‌ಪಾರ್ಕ್ ಕಟ್ಟಿದ್ದುಂಟು. ಕಟ್ಟೆಗಳನ್ನೂ ಕಾರ್ಖಾನೆಗಳನ್ನೂ ಕಟ್ಟಿದ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ ಅದು ಆಗದ ಕೆಲಸವೇ?

ಮಳೆಯ ಮಾತು ಬರುತ್ತದೆ. ಬರಲೇಬೇಕು. ಬೆಳಗಾವಿಯ ಮುಂಗಾರನ್ನು ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಂತೂ ಮಳೆ ಹಿಡಿದರೆ ಬಿಡುವುದೇ ಇಲ್ಲ. ಮರದ ಹಲಗೆಯಿಂದ ಕಟ್ಟಿದ ಸ್ಕೇಟ್‌ಪಾರ್ಕ್ ಇಲ್ಲಿ ಎರಡು ಮಳೆಗಾಲಕ್ಕೆ ಕೊಳೆತುಹೋದೀತು. ಆದ್ದರಿಂದಲೇ ಕಾಂಕ್ರೀಟು ಬೇಕು, ನೆಲಕ್ಕೆ ನೀರು ಹರಿಯುವಷ್ಟು ಓಟ ಬೇಕು, ಬೋಗುಣಿಯ ತಳದಲ್ಲಿ ಚರಂಡಿ ಬೇಕು, ಒಂದು ಭಾಗಕ್ಕಾದರೂ ತಗಡಿನ ಮಾಡು ಬೇಕು. ಹರಿದ ನೀರನ್ನು ತೊಟ್ಟಿಗೆ ತುಂಬಿಸಿ ಗಿಡಗಳಿಗೆ ಹಾಯಿಸುವುದೂ ವಿದ್ಯಾರ್ಥಿಗಳ ಪಾಠವೇ ಆಗಲಿ. ಮಳೆ ಬರುತ್ತದೆಂದು ಯಾರೂ ಮನೆ ಕಟ್ಟದೆ ಬಿಟ್ಟಿಲ್ಲ.

ಇನ್ನು ಸಂಸ್ಕೃತಿಯ ಕಾವಲುಗಾರರು. ಇದು ಪರದೇಶದ ಹುಚ್ಚು, ಹೆಣ್ಣುಮಕ್ಕಳಿಗಂತೂ ತಕ್ಕದ್ದಲ್ಲ ಎಂಬುದು ಅವರ ತಕರಾರು. ಈ ವಿಷಯದಲ್ಲಿ ಎಲ್ಲ ಧರ್ಮಗಳ ಕಾವಲುಗಾರರೂ ವಿಚಿತ್ರ ಒಗ್ಗಟ್ಟು ತೋರಿಸುತ್ತಾರೆ. ಉತ್ತರ ಕರ್ನಾಟಕದ ಪಂಚಮಿ ಹಬ್ಬದ ಜೋಕಾಲಿಯನ್ನು ಅವರು ನೋಡಿಲ್ಲವೇ? ತವರಿಗೆ ಬಂದ ಹೆಣ್ಣುಮಕ್ಕಳು ಹಲಗೆಯ ಮೇಲೆ ನಿಂತು ಮರದ ಕೊಂಬೆ ಮುಟ್ಟುವಷ್ಟು ಎತ್ತರಕ್ಕೆ ಜೀಕುತ್ತಾರೆ. ಮೇಲೆ ಹೋದಾಗ ಮೊಣಕಾಲು ಬಗ್ಗಿಸುವುದು, ಕೆಳಗೆ ಬಂದಾಗ ಮೈ ಎತ್ತಿ ನಿಲ್ಲುವುದು, ಹಾಗೆ ಪ್ರತಿ ಸಲವೂ ವೇಗ ಕೂಡಿಸಿಕೊಳ್ಳುವುದು ಜೀಕುವುದರ ಗುಟ್ಟು. ಬೋಗುಣಿಯೊಳಗೆ ಸ್ಕೇಟರ್ ನೂಕುವವರಿಲ್ಲದೆ ಮೇಲೇರುವುದು ಇದೇ ಗುಟ್ಟಿನಿಂದ. ಹಲಗೆಗೆ ಹಗ್ಗ ಕಟ್ಟಿದರೆ ಸಂಸ್ಕೃತಿ, ಗಾಲಿ ಕಟ್ಟಿದರೆ ವಿಕೃತಿ ಎನ್ನುವುದು ಯಾವ ನ್ಯಾಯ?

ಕಾಬೂಲಿನ ಉದಾಹರಣೆ ನಮ್ಮ ಓದುಗರು ಗಮನಿಸಬೇಕಾದದ್ದು. ಅಲ್ಲಿ 2007ರಲ್ಲಿ ಆಸ್ಟ್ರೇಲಿಯಾದ ಆಲಿವರ್ ಪೆರ್ಕೊವಿಚ್ ಬೀದಿಯ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಕಲಿಸಲು ಆರಂಭಿಸಿದರು. ಅದರಿಂದ 'ಸ್ಕೇಟಿಸ್ತಾನ್' ಎಂಬ ಸಂಸ್ಥೆ ಬೆಳೆಯಿತು. ಹುಡುಗಿಯರು ಸೈಕಲ್ ಏರಬಾರದು ಎನ್ನುತ್ತಿದ್ದ ಸಮಾಜಕ್ಕೆ ಸ್ಕೇಟ್‌ಬೋರ್ಡ್ ಏನೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಮೇಲೆ ನಿಷೇಧವೂ ಇರಲಿಲ್ಲ. ಆ ಸಂದಿಯಲ್ಲೇ ನೂರಾರು ಹುಡುಗಿಯರು ತಲೆವಸ್ತ್ರದ ಮೇಲೆ ಹೆಲ್ಮೆಟ್ ತೊಟ್ಟು ಹಲಗೆಯೇರಿದರು, ಜೊತೆಗೆ ಅಕ್ಷರವನ್ನೂ ಕಲಿತರು. ಅವರ ಮೇಲೆ ತೆಗೆದ ಸಾಕ್ಷ್ಯಚಿತ್ರಕ್ಕೆ 2020ರಲ್ಲಿ ಆಸ್ಕರ್ ಬಂತು. 2021ರಲ್ಲಿ ತಾಲಿಬಾನ್ ಮರಳಿತು, ಆರನೇ ತರಗತಿಯಾಚೆಗೆ ಹುಡುಗಿಯರ ಶಾಲೆಯ ಬಾಗಿಲೇ ಮುಚ್ಚಿತು. ಅದನ್ನು ಖಂಡಿಸಿ ನಾವು ಲೇಖನ ಬರೆಯುತ್ತೇವೆ, ಭಾಷಣ ಮಾಡುತ್ತೇವೆ. ಆದರೆ ನಮ್ಮ ಬೆಳಗಾವಿಯ ಮೈದಾನಗಳಲ್ಲಿ ಸಂಜೆ ಐದು ಗಂಟೆಗೆ ಹನ್ನೆರಡು ದಾಟಿದ ಎಷ್ಟು ಹುಡುಗಿಯರು ಆಡುತ್ತಾರೆ? ಲೇಲೆ ಮೈದಾನದಲ್ಲಿರಲಿ, ವ್ಯಾಕ್ಸಿನ್ ಡಿಪೋದ ಬಯಲಿನಲ್ಲಿರಲಿ, ಬ್ಯಾಟು ಹಿಡಿದ ಹುಡುಗರದೇ ರಾಜ್ಯ. ನಮ್ಮಲ್ಲಿ ತಾಲಿಬಾನ್ ಇಲ್ಲ, ನಿಷೇಧದ ಆಜ್ಞೆಯೂ ಇಲ್ಲ. ಆದರೂ ಹುಡುಗಿಯರು ಮೈದಾನದಲ್ಲಿಲ್ಲ. ಹಿಂದೂ, ಮುಸ್ಲಿಮ್, ಜೈನ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲ ಮನೆಗಳೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿ ಇದಕ್ಕೊಂದು ದಾರಿ ತೋರಿಸಿದೆ. ಅಲ್ಲಿ 2015ರಲ್ಲಿ ಜರ್ಮನಿಯ ಉಲ್ರೀಕೆ ರೈನ್‌ಹಾರ್ಡ್ ಎಂಬ ಮಹಿಳೆ ಸ್ಕೇಟ್‌ಪಾರ್ಕ್ ಕಟ್ಟಿಸಿದರು. ಎರಡೇ ನಿಯಮಗಳು: ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ, ಹುಡುಗಿಯರಿಗೆ ಮೊದಲ ಸರದಿ. ಆದಿವಾಸಿ ಮಕ್ಕಳೂ ಯಾದವರ ಮಕ್ಕಳೂ ಒಂದೇ ಹಲಗೆಗೆ ಸರದಿ ಕಾದರು. ಜನವಾರ್‌ನಂಥ ಹಿಂದುಳಿದ ಹಳ್ಳಿಗೆ ಸಾಧ್ಯವಾದದ್ದು ಖಾನಾಪುರ ರಸ್ತೆಗೆ ಸಾಧ್ಯವಿಲ್ಲವೇ?

ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ಹೊಣೆ ಎನ್ನುವ ತಾಯಂದಿರ ಆತಂಕ ನಿಜವಾದದ್ದು. ಈ ಆಟದಲ್ಲಿ ಬೀಳುವುದುಂಟು, ಮಣಿಕಟ್ಟಿಗೆ ಪೆಟ್ಟಾಗುವುದುಂಟು. ಹೆಲ್ಮೆಟ್, ಮೊಣಕಾಲು ಮೊಣಕೈ ಕವಚ, ಮಣಿಕಟ್ಟಿನ ಪಟ್ಟಿ ಕಡ್ಡಾಯವಾಗಲಿ. ಆದರೆ ಗಾಲಿಯ ಆಸೆ ಇರುವ ಮಗು ಪಾರ್ಕ್ ಇಲ್ಲದಿದ್ದರೆ ಲಾರಿ ಓಡುವ ರಸ್ತೆಗೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಬೆಳಗಾವಿ ಕುಸ್ತಿಯ ನಾಡು. ಇಲ್ಲಿ ಅಖಾಡಕ್ಕೆ ಮಣ್ಣು ಹದ ಮಾಡುವುದು ಬೀಳುವವರಿಗಾಗಿಯೇ. ಬೀಳುವುದನ್ನು ಕಲಿಸಿದ ಮೇಲೆಯೇ ವಸ್ತಾದರು ಪಟ್ಟು ಕಲಿಸುತ್ತಾರೆ. ಬಿದ್ದರೆ ಅವಮಾನ, ನಪಾಸಾದರೆ ಬದುಕೇ ಮುಗಿಯಿತು ಎಂದು ನಂಬಿಸಿ ಬೆಳೆಸಿದ ಮಕ್ಕಳನ್ನು ತರಗತಿಗಳಲ್ಲಿ ಸಾಲಾಗಿ ಕೂರಿಸಿದ್ದೇವೆ. ಒಂದೇ ತಿರುವನ್ನು ಐವತ್ತು ಸಲ ಬಿದ್ದು, ಐವತ್ತೊಂದನೇ ಸಲ ಗೆದ್ದು, ಸುತ್ತಲಿನ ಅಪರಿಚಿತರಿಂದ ಚಪ್ಪಾಳೆ ಪಡೆಯುವ ಅಂಗಳ ಪರೀಕ್ಷೆಗಳಿಂದ ಬಳಲಿದ ವಿಶ್ವವಿದ್ಯಾಲಯಕ್ಕೇ ಹೆಚ್ಚು ಅಗತ್ಯ.

ಪದಕದ ಆಸೆ ತೋರಿಸಿ ಈ ಬೇಡಿಕೆಯನ್ನು ಮಾರಲು ನಾವು ಬಯಸುವುದಿಲ್ಲ. ಸ್ಕೇಟ್‌ಬೋರ್ಡಿಂಗ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಸೇರಿತು, 2021ರಲ್ಲಿ ನಡೆದ ಆ ಕೂಟದಲ್ಲಿ ಜಪಾನಿನ ಮೊಮಿಜಿ ನಿಶಿಯಾ 13ನೇ ವಯಸ್ಸಿಗೆ ಚಿನ್ನ ಗೆದ್ದಳು ಎಂಬುದು ನಿಜ. ಅದು ಮಕ್ಕಳಿಗೆ ಹುರುಪು ಕೊಡಲಿ. ಸ್ವೀಡನ್ನಿನ ಮಾಲ್ಮೋ ನಗರದ ಶಾಲೆಯೊಂದು ಹಳೆಯ ಮದ್ಯದ ಕಾರ್ಖಾನೆಯ ಸ್ಕೇಟ್‌ಪಾರ್ಕನ್ನು ಸೇರಿಸಿಕೊಂಡು ಸ್ಕೇಟಿಂಗನ್ನು ಪಠ್ಯದ ಭಾಗವಾಗಿಸಿತು. ಪದಕ ಬಂದರೂ ಬಾರದಿದ್ದರೂ ಆ ಶಾಲೆ ನಡೆಯುತ್ತದೆ. ನಮಗೆ ಬೇಕಾದದ್ದು ಅಂಥ ನಂಬಿಕೆ.

ಕೊನೆಯದಾಗಿ ಬೆಳಗಾವಿಯದೇ ಆದ ಕಾರಣವೊಂದಿದೆ. ಈ ಊರಿನಲ್ಲಿ ಬೋರ್ಡಿನ ಮೇಲೆ ಯಾವ ಭಾಷೆ ಇರಬೇಕು ಎಂಬುದಕ್ಕೆ ಬಸ್ಸುಗಳು ನಿಂತಿವೆ, ಕಲ್ಲುಗಳು ಹಾರಿವೆ. ನವೆಂಬರ್ ಒಂದು ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಕರಾಳ ದಿನ. ಮಕ್ಕಳ ಶಾಲೆಗಳೂ ಕನ್ನಡ, ಮರಾಠಿ, ಉರ್ದು ಎಂದು ಬೇರೆಬೇರೆ. ಸಂಜೆಯ ಹೊತ್ತಿಗಾದರೂ ಅವರು ಒಬ್ಬರನ್ನೊಬ್ಬರು ನೋಡುವ ಜಾಗ ಎಲ್ಲಿದೆ? ಕಾಲಡಿಯ ಬೋರ್ಡಿಗೆ ಭಾಷೆಯಿಲ್ಲ. ಅಲ್ಲಿ ತಂಡವಿಲ್ಲ, ಎದುರಾಳಿಯಿಲ್ಲ, ಸೋಲಿಸಬೇಕಾದವರಿಲ್ಲ. ತನಗಿಂತ ಚೆನ್ನಾಗಿ ಬಲ್ಲವರಿಂದ ಕೇಳಿ ಕಲಿಯದೆ ಬೇರೆ ದಾರಿಯಿಲ್ಲ, ಅವರ ಹೆಸರು ಯಾವುದೇ ಇರಲಿ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಜಾಗ ರಸ್ತೆಗೆ ಹತ್ತಿರವಿರಲಿ, ಖಾನಾಪುರದ ಬಸ್ಸಿನಿಂದ ಇಳಿದ ಮಗು ಕಾವಲುಗಾರನ ಅಪ್ಪಣೆ ಕಾಯದೆ ಒಳಗೆ ಬರುವಂತಿರಲಿ. ಪ್ರವೇಶ ಉಚಿತವಿರಲಿ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವಂತೆ ಹಲಗೆ, ಹೆಲ್ಮೆಟ್ ಎರವಲು ಕೊಡಲಿ. ದಿನಕ್ಕೆ ಎರಡು ಗಂಟೆ ಹುಡುಗಿಯರಿಗೇ ಮೀಸಲಿರಲಿ, ಉಳಿದ ಹೊತ್ತಿನಲ್ಲಿಯೂ ಮೊದಲ ಸರದಿ ಅವರದಾಗಲಿ. ನಕ್ಷೆಯನ್ನು ವಿದ್ಯಾರ್ಥಿಗಳು ಬರೆಯಲಿ, ಊರಿನ ಗೌಂಡಿಗಳು ಅವರಿಗೆ ಗುರುಗಳಾಗಲಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಹಿರೇಬಾಗೇವಾಡಿಯ ತನ್ನ ಹೊಸ ಆವರಣದಲ್ಲಿ ಇಂಥದ್ದೊಂದನ್ನು ಕಟ್ಟಿದರೆ ಮತ್ತೂ ಸಂತೋಷ.

ಜ್ಞಾನ ಸಂಗಮ ಎಂದು ಹೆಸರಿಟ್ಟ ಮೇಲೆ ಅಲ್ಲಿ ಕೂಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯೂ ಬರುತ್ತದೆ. ನೂರಾರು ಕಾಲೇಜುಗಳ ಅಂಕಪಟ್ಟಿಗಳು ಕೂಡಿದರೆ ಸಂಗಮವಾಗದು. ಬೇಲಿಯ ಆಚೆ ನಿಂತ ಮಕ್ಕಳಿಗೆ 13 ಗುಂಟೆ ಬಿಟ್ಟುಕೊಡಿ, ಆಗ ಆ ಹೆಸರು ನಿಜವಾದೀತು.