ಎಂಜಿನ್ನಿನೊಳಗೆ ಬಿದ್ದ ಚೂರು

ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ‘ಮಾಡೆಲ್ ಟಿ’ ಕಾರುಗಳನ್ನು ತಯಾರಿಸಿತು. ಅವುಗಳಲ್ಲಿ ಸಾವಿರಾರು ಇಂದಿಗೂ ಓಡುತ್ತಿವೆ. ಮೊದಲು ಈ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. 1919ರಲ್ಲಿ ವಿದ್ಯುತ್ ಸ್ಟಾರ್ಟರ್ ಬಂತು. ಈ ಸ್ಟಾರ್ಟರಿನ ಭಾಗ ಮುರಿದರೆ ಚೂರು ಎಲ್ಲಿ ಬೀಳುತ್ತದೆ ಗೊತ್ತೇ? ನೇರವಾಗಿ ಎಂಜಿನ್ನಿನ ಒಡಲಿಗೆ!

ಸ್ಟಾರ್ಟರಿನ ದಂಡದ ಮೇಲೆ ತಿರುಪಿನಂಥ ಸುತ್ತುಗಳಿದ್ದು, ಅವುಗಳ ಮೇಲೆ ಚಿಕ್ಕ ಹಲ್ಲುಚಕ್ರವಿರುತ್ತದೆ. ಈ ಜೋಡಣೆಗೆ ಬೆಂಡಿಕ್ಸ್ ಎಂದು ಹೆಸರು. ದಂಡ ಫಕ್ಕನೆ ತಿರುಗಿದಾಗ ಹಲ್ಲುಚಕ್ರ ಜಡತ್ವದಿಂದಾಗಿ ಒಡನೆಯೇ ತಿರುಗದು. ನಟ್ಟನ್ನು ಹಿಡಿದು ಬೋಲ್ಟನ್ನು ತಿರುಗಿಸಿದರೆ ನಟ್ಟು ಸರಿಯುವುದಿಲ್ಲವೇ? ಹಾಗೆಯೇ ಅದು ಸರಿದು ಫ್ಲೈವೀಲಿನ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ನ್ಯೂಟನ್ನನ ಮೊದಲ ನಿಯಮವೇ ಇಲ್ಲಿ ಕೆಲಸ ಮಾಡುವುದು. ಕಚ್ಚುವಾಗಿನ ಏಟನ್ನು ಒಂದು ದಪ್ಪ ಸ್ಪ್ರಿಂಗು ತಾಳಿಕೊಳ್ಳುತ್ತದೆ. ವರ್ಷಗಟ್ಟಲೆ ಏಟು ತಿಂದ ಸ್ಪ್ರಿಂಗು ಅಥವಾ ಅದರ ಬೋಲ್ಟು ಒಂದು ದಿನ ತುಂಡಾಗಬಹುದು.

ಆಗ ‘ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವುದು ಅಪಾಯಕಾರಿ. ಏಕೆಂದರೆ ಈ ಕಾರಿನ ಫ್ಲೈವೀಲಿನಲ್ಲಿ 16 ಕಾಯಂ ಅಯಸ್ಕಾಂತಗಳಿವೆ. ಎದುರಿಗೆ ಅಲುಗಾಡದ 16 ತಂತಿ ಸುರುಳಿಗಳಿವೆ. ಕಿಡಿ ಹೊತ್ತಿಸುವ ವಿದ್ಯುತ್ ಹುಟ್ಟುವುದು ಇಲ್ಲಿಯೇ. ಎರಡರ ನಡುವಿನ ಅಂತರ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಉಕ್ಕಿನ ಚೂರು ಅಯಸ್ಕಾಂತಕ್ಕೆ ಅಂಟಿಕೊಂಡು ಸುತ್ತಿದರೆ ಸುರುಳಿಗಳ ಹೊದಿಕೆ ಹರಿದುಹೋದೀತು.

ಹಾಗಾದರೆ ತೆಗೆಯುವುದು ಹೇಗೆ? ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು. ಬೆಂಡಿಕ್ಸನ್ನು ಕಳಚಿ, ಆಮೇಲೆ ಸ್ಟಾರ್ಟರನ್ನು ಹೊರತೆಗೆಯಬೇಕು. ಎಣ್ಣೆಯನ್ನು ಪಾತ್ರೆಗೆ ಬಸಿದು, ತೆಳುಬಟ್ಟೆಯಲ್ಲಿ ಸೋಸಿ ನೋಡಬೇಕು. ಮೇಲಿನ ಮುಚ್ಚಳ ತೆರೆದು, ಬಾಗುವ ಕಡ್ಡಿಯ ತುದಿಗೆ ಅಯಸ್ಕಾಂತ ಕಟ್ಟಿ ಒಳಗೆ ಇಳಿಸಬೇಕು. ಆದರೆ ಫ್ಲೈವೀಲಿನ ಅಯಸ್ಕಾಂತಗಳೂ ಚೂರನ್ನು ತಮ್ಮತ್ತ ಎಳೆಯುತ್ತಿರುತ್ತವೆ! ಆದ್ದರಿಂದ ಟಾರ್ಚ್ ಹಿಡಿದು ಅವುಗಳನ್ನೂ ಪರೀಕ್ಷಿಸಬೇಕು. ಹಿತ್ತಾಳೆ, ಕಂಚು, ಅಲ್ಯೂಮಿನಿಯಂ ಚೂರುಗಳಂತೂ ಅಯಸ್ಕಾಂತಕ್ಕೆ ಬಗ್ಗುವುದೇ ಇಲ್ಲ. ಅವನ್ನು ಚಿಮಟದಿಂದಲೇ ಹೆಕ್ಕಬೇಕು.

ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ? ಸಿಕ್ಕ ಚೂರುಗಳನ್ನು ಕಾಗದದ ಮೇಲಿಟ್ಟು, ಒಡೆದ ಬಟ್ಟಲನ್ನು ಜೋಡಿಸುವಂತೆ ಮುರಿದ ಭಾಗವನ್ನು ಪೂರ್ತಿ ಜೋಡಿಸಬೇಕು. ಒಂದು ಮೂಲೆ ಕಡಿಮೆಯಾದರೂ ಅದು ಒಳಗಿದೆ ಎಂದೇ ತಿಳಿಯಬೇಕು. ಆ ಒಂದು ಚೂರಿಗಾಗಿ ಇಡೀ ಎಂಜಿನ್ನನ್ನೇ ಇಳಿಸಬೇಕಾದೀತು. ಬೇಸರದ ಕೆಲಸ ನಿಜ, ಆದರೆ ಸುರುಳಿಗಳು ಸುರಕ್ಷಿತವಾಗಿ ಉಳಿಯುತ್ತವೆ.

ಮಕ್ಕಳೇ, ದೊಡ್ಡವರನ್ನು ಜೊತೆಗಿಟ್ಟುಕೊಂಡು ಒಂದು ಪ್ರಯೋಗ ಮಾಡಿ. ಬಟ್ಟಲಿನ ಎಣ್ಣೆಯಲ್ಲಿ ಹತ್ತು ಗುಂಡುಸೂಜಿ, ಐದು ತಾಮ್ರದ ತಂತಿಯ ತುಂಡು ಹಾಕಿ. ಕಾಗದ ಸುತ್ತಿದ ಅಯಸ್ಕಾಂತವನ್ನು ನಿಧಾನವಾಗಿ ಹತ್ತಿರ ತನ್ನಿ. ಎಷ್ಟು ದೂರದಲ್ಲಿ ಸೂಜಿ ಎದ್ದು ಬರುತ್ತದೆ? ಬಟ್ಟಲಿನಲ್ಲಿ ಏನು ಉಳಿಯುತ್ತದೆ? ಕೊನೆಗೆ ಹದಿನೈದನ್ನೂ ಎಣಿಸಿದ ಮೇಲೆಯೇ ಬಟ್ಟಲು ತೊಳೆಯಿರಿ.