ಮೆಲ್ಬೋರ್ನಿನ ನಾಲ್ಕನೆಯ ಸ್ಥಾನ

ನವೆಂಬರ್ ಒಂದನೆಯ ತಾರೀಖು ಬಂದಿತೆಂದರೆ ಹೈದರಾಬಾದಿನ ಕನ್ನಡ ಸಂಘಗಳಲ್ಲಿ ಸಡಗರ ತುಂಬುವುದು ವಾಡಿಕೆ. ಧ್ವಜಾರೋಹಣ, ನಾಡಗೀತೆ, ದೂರದಿಂದ ಬಂದ ಅತಿಥಿಗಳ ಭಾಷಣ, ಶಾಲು, ಹಣ್ಣಿನ ಬುಟ್ಟಿ, ಕೊನೆಗೆ ಭೋಜನ. ಈ ಕ್ರಮವು ತಪ್ಪಿದುದನ್ನು ನಾವು ಕಾಣೆವು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಊರು ಬಿಟ್ಟು ಬಂದವರಿಗೆ ವರ್ಷಕ್ಕೊಂದು ದಿನವಾದರೂ ತಾಯ್ನುಡಿಯ ಹಬ್ಬ ಬೇಕು. ಆದರೆ 1956ರ ನವೆಂಬರ್ 1 ಈ ನಗರದ ಕನ್ನಡಿಗರಿಗೆ ತಂದುದು ಹಬ್ಬವೊಂದನ್ನೇ ಅಲ್ಲ. ಅಂದು ಹೈದರಾಬಾದು ಸಂಸ್ಥಾನವು ಭೂಪಟದಿಂದ ಮರೆಯಾಯಿತು. ಗುಲಬರ್ಗಾ, ಬೀದರ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದುವು. ಹಿಂದಿನ ರಾತ್ರಿ ತನ್ನ ರಾಜಧಾನಿಯಲ್ಲಿಯೇ ಮಲಗಿದ್ದ ಕಲಬುರಗಿಯ ಗುಮಾಸ್ತನು ಬೆಳಗಾಗುವಷ್ಟರಲ್ಲಿ ಹೊರನಾಡ ಕನ್ನಡಿಗನಾಗಿದ್ದನು. ಉಡುಪಿ, ಕುಂದಾಪುರಗಳಿಂದ ಬಂದು ಇಲ್ಲಿ ಒಲೆ ಹಚ್ಚಿದವರಂತೂ ಮೊದಲೇ ಹೊರಗಿನವರು.

ಸರಿಯಾಗಿ ಒಂದು ತಿಂಗಳು ಕಳೆದ ಮೇಲೆ, ಡಿಸೆಂಬರ್ 1ರಂದು, ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ಭಾರತದ ಫುಟ್‌ಬಾಲ್ ತಂಡವು ಒಲಿಂಪಿಕ್ ಕ್ರೀಡಾಕೂಟದ ಆತಿಥೇಯರನ್ನು 4-2 ಗೋಲುಗಳಿಂದ ಸೋಲಿಸಿತು. ಆ ತಂಡಕ್ಕೆ ಆಟ ಕಲಿಸಿದ ಗುರು ಹೈದರಾಬಾದಿನ ಶಾಲಾಮಾಸ್ತರರೊಬ್ಬರು, ಸೈಯದ್ ಅಬ್ದುಲ್ ರಹೀಂ. ತಂಡದಲ್ಲಿ ಈ ಊರಿನ ಹುಡುಗರು ಹಲವರಿದ್ದರು: ಪೀಟರ್ ತಂಗರಾಜ್, ಅಜೀಜುದ್ದೀನ್, ನೂರ್ ಮಹಮ್ಮದ್, ಅಹಮದ್ ಹುಸೇನ್, ಜುಲ್ಫಿಕರುದ್ದೀನ್, ತುಳಸೀದಾಸ್ ಬಲರಾಮ್. ಸಂಸ್ಥಾನವು ಅಳಿದ ತಿಂಗಳೊಪ್ಪತ್ತಿನಲ್ಲಿ ಅದರ ರಾಜಧಾನಿಯ ಮಕ್ಕಳು ಜಗತ್ತಿನೆದುರು ನಿಂತು ಆಡಿದರು. ನವೆಂಬರ್ ಒಂದನ್ನು ಆಚರಿಸುವ ನಮಗೆ ಡಿಸೆಂಬರ್ ಒಂದರ ನೆನಪೇ ಇಲ್ಲ. ಈ ಮರೆವನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಪಂದ್ಯದ ವಿವರವನ್ನು ಮೊದಲು ನೋಡೋಣ. ಮುಂಬಯಿಯ ನೆವಿಲ್ ಡಿ'ಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲ ಏಷ್ಯನ್ನರು ಅವರೇ. ನಾಲ್ಕನೆಯದು ಕಿಟ್ಟು ಎಂದೇ ಹೆಸರಾದ ಕೃಷ್ಣಸ್ವಾಮಿಯವರದು. ವಿರಾಮದ ವೇಳೆಗೆ ಎರಡೂ ಪಕ್ಷ ಎರಡೆರಡು ಗೋಲುಗಳಿಂದ ಸಮವಾಗಿದ್ದುವು. ಮೇಲುಗೈಯಾದುದು ಉತ್ತರಾರ್ಧದಲ್ಲಿ. ಒಲಿಂಪಿಕ್ ಫುಟ್‌ಬಾಲಿನ ಕೊನೆಯ ನಾಲ್ಕರಲ್ಲಿ ಏಷ್ಯದ ದೇಶವೊಂದು ಸೇರಿದುದು ಅದೇ ಮೊದಲು. ಹಂಗೆರಿಯು ಹಿಂದೆ ಸರಿದ ಕಾರಣ ಮೊದಲ ಸುತ್ತಿನಲ್ಲಿ ಭಾರತ ಆಡಲೇ ಇಲ್ಲ, ಇದು ಅದೃಷ್ಟದ ಫಲ ಎನ್ನುವವರು ಇರಬಹುದು. ಆತಿಥೇಯರನ್ನು ಅವರ ನೆಲದಲ್ಲಿಯೇ ಸೋಲಿಸಿದ್ದಕ್ಕೂ ಅದೃಷ್ಟವೆಂದೇ ಹೆಸರಿಡುವುದಾದರೆ ನಾವು ವಾದಿಸಲಾರೆವು.

ಉಪಾಂತ್ಯದಲ್ಲಿ ಯುಗೊಸ್ಲಾವಿಯ ಎದುರಾಯಿತು. ನಾಲ್ಕು ವರ್ಷಗಳ ಹಿಂದೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಬಹುಮಟ್ಟಿಗೆ ಬರಿಗಾಲಲ್ಲಿ ಆಡಿದ ನಮ್ಮವರ ಮೇಲೆ ಹತ್ತು ಗೋಲು ಸುರಿದು ಒಂದನ್ನು ಮಾತ್ರ ಬಿಟ್ಟುಕೊಟ್ಟಿದ್ದ ದೇಶವದು. ಆ ಅವಮಾನದ ತರುವಾಯವೇ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಮೆಲ್ಬೋರ್ನಿನಲ್ಲಿ ಅದೇ ಯುಗೊಸ್ಲಾವಿಯವು ವಿರಾಮದವರೆಗೆ ಒಂದು ಗೋಲನ್ನೂ ಹೊಡೆಯಲಾರದೆ ಹೋಯಿತು. ವಿರಾಮದ ನಂತರ ಡಿ'ಸೋಜಾ ಗೋಲು ಹೊಡೆದು ಭಾರತಕ್ಕೆ ಮುನ್ನಡೆಯನ್ನೂ ತಂದರು. ಮುನ್ನಡೆ ಬಹುಕಾಲ ನಿಲ್ಲಲಿಲ್ಲ. ಪಂದ್ಯವು 1-4ರಿಂದ ಕೈಬಿಟ್ಟಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯವು 3-0ಯಿಂದ ಗೆದ್ದಿತು. ಸಮರ್ ಬ್ಯಾನರ್ಜಿಯವರ ನಾಯಕತ್ವದ ತಂಡವು ನಾಲ್ಕನೆಯ ಸ್ಥಾನ ಪಡೆದು, ಪದಕವಿಲ್ಲದೆ ಹಿಂತಿರುಗಿತು.

ಸೋಲನ್ನು ಮುಚ್ಚಿಟ್ಟು ಗೌರವಿಸಬೇಕೆಂದು ನಾವು ಹೇಳುತ್ತಿಲ್ಲ. ಹತ್ತು ಗೋಲು ತಿಂದವರು ನಾಲ್ಕೇ ವರ್ಷಗಳಲ್ಲಿ ಅದೇ ಎದುರಾಳಿಯನ್ನು ಅರ್ಧ ಪಂದ್ಯದವರೆಗೆ ತಡೆದು ನಿಲ್ಲಿಸುವಂತಾದುದು ಹೇಗೆ ಎಂಬುದೇ ಗೌರವಿಸಬೇಕಾದ ವಿಷಯ. ಉತ್ತರವನ್ನು ಹುಡುಕಲು ಮೆಲ್ಬೋರ್ನಿಗೆ ಹೋಗಬೇಕಿಲ್ಲ. ನಮ್ಮಲ್ಲಿ ಬಹುಮಂದಿ ದಿನವೂ ಓಡಾಡುವ ಕಾಚಿಗುಡಕ್ಕೆ ಹೋದರೆ ಸಾಕು.

1909ರಲ್ಲಿ ಇದೇ ನಗರದಲ್ಲಿ ಹುಟ್ಟಿದ ರಹೀಂ ಸಾಹೇಬರು ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲಿಯೂ ಚಾದರಘಾಟಿನ ಹೈಸ್ಕೂಲಿನಲ್ಲಿಯೂ ಪಾಠ ಹೇಳಿದವರು. 1943ರಿಂದ ಹೈದರಾಬಾದು ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದರು. 1950ರಲ್ಲಿ ನಗರ ಪೋಲೀಸ್ ತಂಡದ ಶಿಕ್ಷಣವನ್ನು ವಹಿಸಿಕೊಂಡರು. ಆ ವರ್ಷದಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ ಐದು ಸಲ ಸತತವಾಗಿ ಪೋಲೀಸ್ ತಂಡದ ಪಾಲಾಯಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದ ಶಿಕ್ಷಕರೂ ಅವರೇ.

ಅವರ ಪಾಠದ ಕ್ರಮವು ವಿಚಿತ್ರವಾಗಿದ್ದಿತು. ಚೆಂಡನ್ನು ಕಾಲಲ್ಲಿ ಹಿಡಿದುಕೊಂಡು ಮುಂದೆ ಸಾಗುವುದನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ಏರ್ಪಡಿಸಿದರು. ಬಂದ ಚೆಂಡನ್ನು ಕೂಡಲೆ ಜೊತೆಗಾರನಿಗೆ ದಾಟಿಸಬೇಕು. ಬಲಗಾಲಿನ ಆಟಗಾರನು ಎಡಗಾಲಿನಿಂದಲೇ ಹೊಡೆಯಬೇಕೆಂಬ ಪಂದ್ಯಗಳನ್ನೂ ನಡೆಸಿದರು. ಇದರ ಮರ್ಮ ನಮ್ಮ ಹೋಟೆಲು ಕಾರ್ಮಿಕ ಬಂಧುಗಳಿಗೆ ಬೇಗನೆ ಹೊಳೆಯಬಹುದು. ಬೆಳಗಿನ ತಿಂಡಿಯ ನೂಕುನುಗ್ಗಲಿನಲ್ಲಿ ದೋಸೆಯ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತವನು ಇಡೀ ಹೋಟೆಲನ್ನು ನಿಲ್ಲಿಸಿಬಿಡುತ್ತಾನೆ. ಒಲೆಯಿಂದ ಮೇಜಿಗೆ, ಮೇಜಿನಿಂದ ಗಲ್ಲಕ್ಕೆ ಕೆಲಸವು ಕೈಯಿಂದ ಕೈಗೆ ದಾಟುತ್ತಿರಬೇಕು. ಎರಡು ಕೈಯೂ ಸಮನಾಗಿ ನಡೆಯಬೇಕು.

ಆಟಗಾರರಾದರೋ ಶ್ರೀಮಂತರ ಮಕ್ಕಳಲ್ಲ. ಪೋಲೀಸರು, ಸಿಪಾಯಿಗಳು, ರೈಲ್ವೆಯ ನೌಕರರು. ಸಿಕಂದರಾಬಾದಿನ ಅಮ್ಮುಗುಡದ ಬಡ ಮನೆಯ ಬಲರಾಮರಿಗೆ ಅಭ್ಯಾಸಕ್ಕಾಗಿ ಹೈದರಾಬಾದಿಗೆ ಬಂದುಹೋಗಲು ಕೈಯಲ್ಲಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಂ ಸಾಹೇಬರು ದಿನಕ್ಕೊಂದು ರೂಪಾಯಿ ಕೊಡುತ್ತಿದ್ದರೆಂದು ಬಲರಾಮರೇ ಮುಂದೆ ನೆನೆದುಕೊಂಡುದುಂಟು. ಆ ಕಾಲದಲ್ಲಿ ಮೇಷ್ಟರೊಬ್ಬರ ಜೇಬಿನಿಂದ ದಿನಕ್ಕೊಂದು ರೂಪಾಯಿ ಹೊರಡುವುದೆಂದರೇನು ಎಂಬುದನ್ನು ಗುಮಾಸ್ತ ವರ್ಗದ ನಮ್ಮ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

1962ರ ಜಕಾರ್ತದ ಮಾತನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿ ಮುಗಿಸಲಾಗದು. ಇಸ್ರೇಲ್ ಮತ್ತು ತೈವಾನ್ ದೇಶಗಳವರಿಗೆ ಇಂಡೋನೇಷ್ಯ ಪ್ರವೇಶ ಕೊಡದುದನ್ನು ಭಾರತದ ಗುರುದತ್ತ ಸೋಂಧಿಯವರು ಆಕ್ಷೇಪಿಸಿದರು. ಅದರಿಂದ ಅಲ್ಲಿನ ಜನ ಕೆರಳಿ ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಮಾಡಿದರು. ಮರುದಿನ, ಸೆಪ್ಟೆಂಬರ್ 4ರಂದು, ಅಂತಿಮ ಪಂದ್ಯ. ಕ್ರೀಡಾಂಗಣದಲ್ಲಿ ನೆರೆದ ಸುಮಾರು ಲಕ್ಷ ಜನರಲ್ಲಿ ಬಹುಪಾಲಿನವರು ನಮ್ಮವರಿಗೆ ಧಿಕ್ಕಾರ ಕೂಗುತ್ತಿದ್ದರು. ಭಾರತಕ್ಕೆ ಜಯಕಾರ ಹಾಕಿದವರು ಪಾಕಿಸ್ತಾನದ ಹಾಕಿ ಆಟಗಾರರೆಂದು ನಮ್ಮ ಆಟಗಾರರು ಕಡೆಯವರೆಗೂ ಹೇಳುತ್ತಿದ್ದರು. ಹಿಂದಿನ ಪಂದ್ಯವೊಂದರಲ್ಲಿ ತಲೆ ಒಡೆದು ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗರನ್ನು ಹಿಂದಿನ ಸಾಲಿನಿಂದ ಎತ್ತಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದುದು ರಹೀಂ ಸಾಹೇಬರ ಯುಕ್ತಿ. ಮೊದಲ ಗೋಲನ್ನು ಪಿ. ಕೆ. ಬ್ಯಾನರ್ಜಿ, ಎರಡನೆಯದನ್ನು ಜರ್ನೈಲ್ ಸಿಂಗರು ಹೊಡೆದರು. ಕೂಟದ ಆರಂಭದಲ್ಲಿ ನಮ್ಮನ್ನು ಎರಡು ಗೋಲುಗಳಿಂದ ಸೋಲಿಸಿದ್ದ ದಕ್ಷಿಣ ಕೊರಿಯವು ಅಂದು 1-2ರಿಂದ ಸೋತಿತು. ಗೋಲನ್ನು ಕಾದವರು ತಂಗರಾಜ್. ಚುನಿ ಗೋಸ್ವಾಮಿಯವರ ಆ ತಂಡದಲ್ಲಿ ಬಲರಾಮ್, ಯೂಸುಫ್ ಖಾನ್ ಮೊದಲಾದ ಹೈದರಾಬಾದಿಗಳಿದ್ದರು. ಕ್ಯಾನ್ಸರ್ ರೋಗವು ಆಗಲೇ ಗುರುವಿನ ದೇಹವನ್ನು ತಿನ್ನುತ್ತಿದ್ದಿತು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 1963ರ ಜೂನ್ 11ರಂದು, ಅವರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನವು ಆ ಮೇಲೆ ಭಾರತಕ್ಕೆ ಬಂದಿಲ್ಲ. 1970ರಲ್ಲಿ ಬ್ಯಾಂಕಾಕಿನಲ್ಲಿ ಕಂಚು ತಂದ ತಂಡಕ್ಕೂ ನಾಯಕರಾಗಿದ್ದವರು ಹೈದರಾಬಾದಿನ ಸೈಯದ್ ನಯೀಮುದ್ದೀನರೇ.

ಇಂತಹವರಿಗೆ ಸಂದ ಗೌರವವೇನು? ರಹೀಂ ಸಾಹೇಬರಿಗೆ ಜೀವಿತಕಾಲದಲ್ಲಿ ರಾಷ್ಟ್ರದ ಪ್ರಶಸ್ತಿ ಯಾವುದೂ ಬರಲಿಲ್ಲ. ದ್ರೋಣಾಚಾರ್ಯರ ಹೆಸರಿನಲ್ಲಿ ಶಿಕ್ಷಕರನ್ನು ಗೌರವಿಸುವ ಪದ್ಧತಿ ಪ್ರಾರಂಭವಾದುದೇ 1985ರಲ್ಲಿ. ಬಲರಾಮರು 27ರ ಹರೆಯದಲ್ಲಿಯೇ ಅನಾರೋಗ್ಯದಿಂದ ಆಟ ಬಿಟ್ಟು, ಬಂಗಾಳದಲ್ಲಿಯೇ ನೆಲೆಸಿ, 2023ರ ಫೆಬ್ರವರಿಯಲ್ಲಿ ಅಲ್ಲಿಯೇ ಕಾಲವಾದರು. 2024ರಲ್ಲಿ 'ಮೈದಾನ್' ಎಂಬ ಹಿಂದೀ ಚಿತ್ರ ಬಂದ ಮೇಲೆಯೇ ಬಹುಮಂದಿಗೆ ರಹೀಂ ಎಂಬುವರಿದ್ದರೆಂದು ತಿಳಿದುದು. ಚಿತ್ರ ಬಂದುದು ಒಳ್ಳೆಯದೇ. ಆದರೆ ಮೇಷ್ಟರನ್ನು ಗುರುತಿಸಲು ನಟನೊಬ್ಬನು ವೇಷ ಹಾಕಿ ಬರುವವರೆಗೆ ಕಾಯಬೇಕಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿಯೇನೂ ಅಲ್ಲ. 2022ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದ ಹೈದರಾಬಾದು ಕ್ಲಬ್ಬು 2025ರಲ್ಲಿ ದೆಹಲಿಗೆ ಹೊರಟುಹೋಯಿತು. ಊರು ಅತ್ತಿತೆಂದು ನಾವು ಕೇಳಲಿಲ್ಲ.

ಇದೆಲ್ಲ ಹೈದರಾಬಾದಿನವರ ಚಿಂತೆ, ಕನ್ನಡಿಗರಿಗೇನು ಸಂಬಂಧ ಎಂದು ಕೇಳುವವರುಂಟು. ಅವರಿಗೆ ನಮ್ಮದೊಂದು ಮರುಪ್ರಶ್ನೆ. 1948ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ರಾಮನ್, ಗೋಲು ಕಾದ ವರದರಾಜ್, ಬರಿಗಾಲಿನ ಚಮತ್ಕಾರದಿಂದ ಹೆಸರಾದ ಅಹಮದ್ ಖಾನ್ ಇವರೆಲ್ಲ ಬೆಂಗಳೂರಿನವರು. ಬೆಂಗಳೂರಿನ ಫುಟ್‌ಬಾಲನ್ನು ಬೆಳೆಸಿದ ಹಲಸೂರು, ಆಸ್ಟಿನ್ ಟೌನುಗಳ ಮನೆಗಳಲ್ಲಿ ತಮಿಳೋ ಉರ್ದುವೋ ನಡೆಯುತ್ತಿತ್ತು. ಅವರು ಮೈಸೂರಿನ ಅಂಗಿ ತೊಟ್ಟು ಆಡಿದಾಗ ಹೊರಗಿನವರೆಂದು ನಾವು ಹೇಳಲಿಲ್ಲ. ಮೈಸೂರು 1946-47ರಲ್ಲಿಯೂ 1952-53ರಲ್ಲಿಯೂ ಸಂತೋಷ್ ಟ್ರೋಫಿ ಗೆದ್ದುದನ್ನು ನಮ್ಮದೆಂದೇ ಎಣಿಸಿದೆವು. ಅರ್ಧ ಶತಮಾನಕ್ಕೂ ಮಿಕ್ಕು ಕಾದು 2023ರ ಮಾರ್ಚಿನಲ್ಲಿ ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು ಅದನ್ನು ಮರಳಿ ಪಡೆದಾಗಲೂ ಹಿಗ್ಗಿದೆವು. ತಮಿಳಾಡುವ ರಾಮನ್ ಬೆಂಗಳೂರಿನವರಾಗಿ ನಮ್ಮವರಾಗುವುದಾದರೆ, ಕನ್ನಡವಾಡುವ ನಾವು ಹೈದರಾಬಾದಿನವರಾಗಿ ರಹೀಂ ಸಾಹೇಬರವರು ಏಕೆ ಆಗಬಾರದು? ಈ ಊರಿನ ಅನ್ನವನ್ನು ಉಣ್ಣುತ್ತ, ಈ ಊರಿಗೆ ಅನ್ನವನ್ನು ಬಡಿಸುತ್ತ, ಇದರ ಕೀರ್ತಿಯ ಸರದಿ ಬಂದಾಗ ಮಾತ್ರ ಅತಿಥಿಗಳಂತೆ ದೂರ ಕುಳಿತುಕೊಳ್ಳುವುದು ತರವಲ್ಲ.

ಋಣಾನುಬಂಧವೆಂಬುದನ್ನು ನಂಬುವವರಿಗೆ ಇನ್ನೊಂದು ಸಂಗತಿ. ರಹೀಂ ಸಾಹೇಬರ ಪುತ್ರ ಶಾಹಿದ್ ಹಕೀಂ ಅವರು 1960ರ ರೋಮ್ ಒಲಿಂಪಿಕ್ ತಂಡದಲ್ಲಿದ್ದರು. ವಾಯುಸೇನೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರಾಗಿ ದುಡಿದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದುದು ಕಲಬುರಗಿಯಲ್ಲಿ. ತಂದೆಯ ಕಾಲದಲ್ಲಿ ಒಂದೇ ಸಂಸ್ಥಾನವಾಗಿದ್ದ ಊರುಗಳವು.

ಸರ್ಕಾರಕ್ಕೆ ಮನವಿ ಬರೆಯುವ ಅಭ್ಯಾಸ ನಮಗೆ ಸಾಕಷ್ಟಿದೆ. ಬರೆಯಲಿ, ಬೇಡವೆನ್ನುವುದಿಲ್ಲ. ನಾವು ಕೇಳುವುದು ಮನೆಯೊಳಗಿನವರನ್ನು. ಸಂಘಗಳಿಗೆ ಧಾರಾಳವಾಗಿ ವಂತಿಗೆ ಕೊಡುವ ಹೋಟೆಲು ಮಾಲಿಕರಲ್ಲಿ ಹುಡುಗರಿಗೆ ಆಟಕ್ಕೆಂದು ವಾರಕ್ಕೊಂದು ಅರ್ಧ ದಿನ ಬಿಡುವು ಕೊಡುವವರು ಎಷ್ಟು ಮಂದಿ? ಮಧ್ಯಾಹ್ನದ ಊಟ ಮುಗಿದು ಮೇಜುಗಳನ್ನು ಒರೆಸಿದ ಮೇಲೆ ಹಿತ್ತಿಲ ಓಣಿಯಲ್ಲಿ ಲೋಟ ತೊಳೆಯುವ ಹುಡುಗರು ಹರಕು ಚೆಂಡೊಂದನ್ನು ಒದೆಯುತ್ತಿರುವುದನ್ನು ಯಾರೂ ನೋಡಬಹುದು. ಹತ್ತು ನಿಮಿಷವಾಗುವಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತದೆ. ಗುಮಾಸ್ತರ ಸ್ಥಿತಿ ಇದಕ್ಕಿಂತ ವಾಸಿಯೆಂದು ಹೇಳಲಾರೆವು. ಅವರನ್ನು ಕೂಗುವವರಿಲ್ಲ, ಆದರೂ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ.

ನಮ್ಮ ಸಲಹೆ ಸಣ್ಣದು. ನವೆಂಬರ್ ಒಂದರ ಸಮಾರಂಭದಲ್ಲಿ ಉಳಿಸಿದ ಒಂದು ಶಾಲನ್ನು ಸಂಘಗಳು ಡಿಸೆಂಬರ್ ಒಂದಕ್ಕೆ ಎತ್ತಿಡಲಿ. ಕಾಚಿಗುಡದ ಆಸುಪಾಸಿನ ಯಾವುದಾದರೊಂದು ಶಾಲೆಯ ಬಯಲನ್ನು ಒಂದು ಮಧ್ಯಾಹ್ನಕ್ಕೆ ಕೇಳಿ ಪಡೆಯಲಿ. ಹೋಟೆಲಿನ ಹುಡುಗರು ಒಂದು ಕಡೆ, ಕಚೇರಿಯವರು ಇನ್ನೊಂದು ಕಡೆ ನಿಂತು ಆಡಲಿ. ಯಾರು ಗೆಲ್ಲುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಈ ನಗರದಲ್ಲಿ ಇನ್ನೂ ಇರುವ ಹಳೆಯ ಆಟಗಾರರಲ್ಲಿ ಒಬ್ಬರನ್ನು ಕರೆತಂದು, ಗಣ್ಯರಿಗಾಗಿ ಮೀಸಲಿಡುವ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಶಾಲನ್ನು ಅವರಿಗೆ ಹೊದಿಸಲಿ. ಭಾಷಣ ಬೇಡ. ಹಣ್ಣಿನ ಬುಟ್ಟಿಯನ್ನು ಆಡಿದವರಿಗೆ ಹಂಚಿದರಾಯಿತು. ಪಂದ್ಯವನ್ನು ಮೂರು ಗಂಟೆಗೆ ಪ್ರಾರಂಭಿಸಿದರೆ ಸಂಜೆಯ ತಿಂಡಿಗೆ ಗಿರಾಕಿಗಳು ಬರುವ ಹೊತ್ತಿಗೆ ಹುಡುಗರು ಹಿಂತಿರುಗಿರುವರು. ಮಾಲಿಕರಿಗೆ ಅದರಿಂದ ನಷ್ಟವೇನೂ ಇಲ್ಲ.